ಒಝೆಲಾ ಕಾರ್ಡು ಇಸಿದುಕೊಂಡ ಮಂಗಳವಾರ

ಸರ್ಕಾರ ಒಝೆಲಾ ಪ್ರೂಯಿಟ್‌ಗೆ ಹದಿನೈದು ಸಾವಿರದ ಮುನ್ನೂರ ಎಂಬತ್ತು ಡಾಲರು ಕೊಡಬೇಕಿತ್ತು. 2021ನೇ ಇಸವಿಯ ಬಾಕಿ. ಮೂರು ವರ್ಷದಿಂದ ಆ ದುಡ್ಡು ಅವಳ ಪಾಲಿಗೆ ಬಿದ್ದುಕೊಂಡಿತ್ತು, ಅವಳಿಗೇ ಗೊತ್ತಿರಲಿಲ್ಲ. ಗೊತ್ತಾದದ್ದು 2025ರ ಏಪ್ರಿಲ್ ಹದಿನಾಲ್ಕು, ಸೋಮವಾರ ಸಂಜೆ, ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ಮೀನು ಕರಿಯುತ್ತ ನಿಂತಿದ್ದಾಗ. ಮಾರನೆಯ ದಿನ ನಾಲ್ಕೂವರೆಗೆ ಅಂಚೆ ಕಚೇರಿಯ ಕಿಟಕಿ ಮುಚ್ಚಿದರೆ ಆ ಬಾಕಿ ಸತ್ತ ಹಾಗೆ. ಮೂರು ವರ್ಷ ಯಾರೂ ಕೇಳದ ದುಡ್ಡನ್ನು ಸರ್ಕಾರ ನುಂಗಿಕೊಳ್ಳುತ್ತದೆ, ಕಾನೂನೇ ಹಾಗಿದೆ. ಬಡವರು ಒಂದು ದಿನ ತಡ ಮಾಡಿದರೆ ದಂಡ. ಸರ್ಕಾರ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಲಾಭ.

ಒಝೆಲಾಗೆ ಅರವತ್ತೊಂದು. ಅಮೆರಿಕದ ಮಿಸಿಸಿಪ್ಪಿ ಡೆಲ್ಟಾದ ಟಾಲಿವರ್ ಊರಿನ ಕ್ಯಾಟ್‌ಫಿಶ್ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷದಿಂದ ಚೂರಿ ಹಿಡಿದವಳು. ಬೆಲ್ಟಿನ ಮೇಲೆ ತಲೆ ಹೋದ, ಚರ್ಮ ಸುಲಿದ ಮೀನು ಬರುತ್ತದೆ. ಮುಳ್ಳು ಬಿಟ್ಟು ಮಾಂಸ ಎತ್ತಬೇಕು, ನಿಮಿಷಕ್ಕೆ ಹನ್ನೆರಡು. ಮಂಜುಗಡ್ಡೆಯ ನೀರು, ರಬ್ಬರ್ ಬೂಟು, ಮಣಿಕಟ್ಟಿಗೆ ಎರಡು ಸಲ ಆಪರೇಷನ್. ಹರೆಯದಲ್ಲಿ ಮೂರು ತಿಂಗಳು ಮುಷ್ಕರ ಹೂಡಿ ಗೇಟಿನ ಮುಂದೆ ಕೂತಿದ್ದಳು. ಅವತ್ತು ಹೆಂಗಸರು ಕೇಳಿದ ಮೊದಲ ಹಕ್ಕು ಕಕ್ಕಸಿಗೆ ಹೋಗುವುದು. ಆ ಮುಷ್ಕರದಿಂದ ಗಂಟೆಗೆ ಅರವತ್ತು ಸೆಂಟು ಹೆಚ್ಚು ಸಿಕ್ಕಿತು, ಜೊತೆಗೆ ಒಂದು ಪದ್ಧತಿ ಉಳಿಯಿತು. ಸಾಲಿನಲ್ಲಿ ಒಬ್ಬಳು ಪಕ್ಕಕ್ಕೆ ಹೋದರೆ ಎಡಬಲದ ಇಬ್ಬರು ಒತ್ತರಿಸಿಕೊಂಡು ಅವಳ ಜಾಗ ಮುಚ್ಚುತ್ತಾರೆ, ಅವಳ ಮೀನನ್ನೂ ಕೊಯ್ಯುತ್ತಾರೆ. ಮೇಲ್ವಿಚಾರಕನ ಕಣ್ಣಿಗೆ ಸಾಲಿನಲ್ಲಿ ಸಂದು ಕಾಣಬಾರದು. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹೊಸಬಳು ಬಂದ ಮೊದಲ ವಾರವೇ ಕಲಿತುಬಿಡುತ್ತಾಳೆ.

2020ರ ಆಗಸ್ಟಿನಲ್ಲಿ ಒಝೆಲಾಳ ಮಗಳು ಮೂತ್ರಪಿಂಡ ಕೆಟ್ಟು ಸತ್ತಳು. ಮೊಮ್ಮಕ್ಕಳಿಬ್ಬರು, ಡಿಕೇರಿಯಸ್ ಮತ್ತು ಟಮಾಯಾ, ಎರಡು ಕಸದ ಚೀಲಗಳಲ್ಲಿ ಬಟ್ಟೆ ತುಂಬಿಕೊಂಡು ಅಜ್ಜಿಯ ಮನೆಗೆ ಬಂದರು. ಅಲ್ಲಿಂದೀಚೆಗೆ ಅವರು ಮಲಗುವುದು, ಉಣ್ಣುವುದು, ಜ್ವರ ಬಂದರೆ ನರಳುವುದು, ಎಲ್ಲ ಆ ಎರಡು ಕೋಣೆಯ ಮನೆಯಲ್ಲೇ.

ಇನ್ನು ಟಾಲಿವರಿನ ರೂಢಿ ಹೇಳಬೇಕು. ಜನವರಿ ಬಂತೆಂದರೆ ಊರಿನಲ್ಲಿ ಒಂದೇ ಪ್ರಶ್ನೆ: "ಈ ಸಲ ಮಗೂನ ಯಾರು ಬರ್ಕೊಳ್ತಾವ್ರೆ?" ತೆರಿಗೆಯ ಕಾಗದದಲ್ಲಿ ಮಗುವಿನ ಹೆಸರನ್ನೂ ಒಂಬತ್ತು ಅಂಕಿಯ ನಂಬರನ್ನೂ ಬರೆದರೆ ಸರ್ಕಾರದಿಂದ ದಪ್ಪ ಚೆಕ್ಕು ಬರುತ್ತದೆ. ಹಾಗಾಗಿ ಕುಟುಂಬದಲ್ಲಿ ಹೆಚ್ಚು ಸಂಬಳದವನಿಗೆ ಮಗುವಿನ ನಂಬರು ಕೊಡುವುದು, ಅವನು ಬರೆದುಕೊಳ್ಳುವುದು, ಫೆಬ್ರವರಿಯಲ್ಲಿ ಒಂದಿಷ್ಟು ತಂದು ಕೈಗಿಡುವುದು. ಪಕ್ಕದ ಮನೆಗೆ ಹುಲ್ಲು ಕತ್ತರಿಸುವ ಯಂತ್ರ ಎರವಲು ಕೊಟ್ಟಷ್ಟೇ ಸಲೀಸು.

ಒಝೆಲಾ ಕೊಟ್ಟಿದ್ದು ತಂಗಿಯ ಮಗ ಲವೋರಿಸ್‌ಗೆ. ಕೊಳಗಳಿಂದ ಜೀವಂತ ಮೀನನ್ನು ಟ್ಯಾಂಕಿನಲ್ಲಿ ತುಂಬಿ ಕಾರ್ಖಾನೆಗೆ ತರುವ ಲಾರಿಯ ಡ್ರೈವರು ಅವನು. ಬಾಯಿ ಸಕ್ಕರೆ. ಆ ನಂಬರು ಅಚ್ಚಾಗಿರುವ ಮಕ್ಕಳ ಸರ್ಕಾರಿ ಕಾರ್ಡುಗಳನ್ನೂ "ಜೋಪಾನವಾಗಿರ್ಲಿ ದೊಡ್ಡವ್ವ" ಅಂತ ಅವನೇ ಇಟ್ಟುಕೊಂಡಿದ್ದ. ಪ್ರತಿ ಫೆಬ್ರವರಿ ಆರುನೂರು ಡಾಲರು, ಮೇಲೆ ಜೇನು ಸವರಿದ ಒಂದು ಇಡೀ ಹಂದಿ ತೊಡೆ, ಹ್ಯಾಮ್. ಒಝೆಲಾ ಆ ಹ್ಯಾಮಿಗಾಗಿ ಅವನನ್ನು ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದಳು.

ಆ ಸೋಮವಾರ ಅವಳು ಚರ್ಚಿನ ಊಟದ ಮನೆಗೆ ಹೋದದ್ದು ತೆರಿಗೆಯ ಕೆಲಸಕ್ಕಲ್ಲ, ಅಡುಗೆಗೆ. ಅಲ್ಲಿ ಕ್ಲೋಟೀ ಬ್ಯಾಂಕ್ಸ್ ಬಡವರ ತೆರಿಗೆ ಕಾಗದವನ್ನು ಪುಕ್ಕಟೆ ತುಂಬಿಕೊಡುತ್ತಾಳೆ. ಕ್ಲೋಟೀಗೆ ಎಪ್ಪತ್ತನಾಲ್ಕು. ಮುಷ್ಕರದ ದಿನಗಳಲ್ಲಿ ಗೇಟಿನ ಮುಂದೆ ಧ್ವನಿವರ್ಧಕ ಹಿಡಿದವಳು. ಗಂಟಲು ಒಡಕಾಯಿತು, ಜಗಳ ಹೋಗಲಿಲ್ಲ. ನಿವೃತ್ತಿಯ ಮೇಲೆ ಪರೀಕ್ಷೆ ಬರೆದು ಈ ವಿದ್ಯೆ ಕಲಿತಳು. ಅವತ್ತು ಕೊನೆಯ ಸಂಜೆ. ಕಾಗದ ತುಂಬುವವರಿಗೆ ಊಟ ಹಾಕಲು ಒಝೆಲಾ ಬಂದಿದ್ದಳು.

ಕ್ಲೋಟೀ ತಟ್ಟೆ ಹಿಡಿದುಕೊಂಡು ಒಲೆಯ ಹತ್ತಿರ ಬಂದಳು. "ನಿಂದು ಬರ್ಸಿದ್ಯೇನೇ?"

"ನಂದೇನೈತಕ್ಕ ಬರ್ಸೋಕೆ? ತೆರಿಗೆ ಬೀಳೋವಷ್ಟು ಸಂಬಳ ಇದ್ದಿದ್ರೆ ಇಲ್ಲಿ ನಿಂಗೆ ಮೀನು ಕರ್ಕೊಂಡು ನಿಂತಿರ್ತಿದ್ನಾ?"

"ಮಕ್ಕಳು?"

"ಲವೋರಿಸ್ ಬರ್ಕೊಳ್ತಾನೆ."

ಕ್ಲೋಟೀ ತಟ್ಟೆ ಕೆಳಗಿಟ್ಟಳು. "ಮಕ್ಕಳು ಮಲಗೋದು ಎಲ್ಲಿ?"

"ಇನ್ನೆಲ್ಲಿ, ನಮ್ಮನೇಲಿ."

"ಲವೋರಿಸ್ ಮನೇಲಿ ಒಂದು ರಾತ್ರಿನಾದ್ರೂ?"

"ಅವ್ನ ಮನೇಲಿ ನಾಯಿ ಮಲಗೋಕೂ ಜಾಗ ಇಲ್ಲ. ಎಲ್ಲಿ ನೋಡಿದ್ರೂ ಟಿವಿ."

"ಅಂಗಾರೆ ಅದು ಕಳ್ಳತನ ಕಣೆ. ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಮಗು ಯಾರ ಮನೇಲಿ ಮಲಗ್ತದೋ ಆ ದುಡ್ಡು ಅವ್ರದು. ಕೈಯಾರೆ ದುಡೀತಿರ್ಬೇಕು, ಅಷ್ಟೆ. ತೆರಿಗೆ ಕಟ್ಟಿರೋದೇ ಬೇಡ. ಕಮ್ಮಿ ದುಡಿಯೋರಿಗೆ ಅಂತ್ಲೇ ಮಡಗಿರೋ ದುಡ್ಡು."

"ಅವ್ನು ಹ್ಯಾಮ್ ತಂದ್ಕೊಡ್ತಾನೆ ಅಕ್ಕ."

"ಹ್ಯಾಮಾ!" ಕ್ಲೋಟೀ ಕೂಗಿದ್ದಕ್ಕೆ ಊಟದ ಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ತಡಿ, ಆ ಹ್ಯಾಮ್ ಎಷ್ಟು ಬಿತ್ತು ಅಂತ ಹೇಳ್ತೀನಿ."

ಅವಳು ಕಾಗದದ ಕರವಸ್ತ್ರದ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು. ದುಡಿಯುವ ಬಡವರಿಗೆ ಕೊಡುವುದು ಒಂದು, ಮಕ್ಕಳ ತಲೆಗೆ ಕೊಡುವುದು ಒಂದು, ಮಹಾಮಾರಿಯ ವರ್ಷ ಮಕ್ಕಳ ಹೆಸರಿಗೆ ಕೊಟ್ಟದ್ದು ಇನ್ನೊಂದು. ಮೂರನ್ನೂ ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು, ಒಝೆಲಾಳ ಮುಖದ ಮುಂದೆ ಹಿಡಿದಳು. "ಇದು ಬರೀ 2021ರದ್ದು. ಮುಂದಿನ ವರ್ಷಗಳದ್ದು ಆಮೇಲೆ ನೋಡೋಣ, ಟೈಮೈತೆ. ಇದಕ್ಕೆ ನಾಳೆ ಕಡೇ ದಿನ."

ಎಣ್ಣೆಯಲ್ಲಿದ್ದ ಮೀನು ಸೀದು ಕಪ್ಪಾಯಿತು. ಒಝೆಲಾ ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ ಅವಳಿಗೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಲು ದುಬಾರಿ ಹ್ಯಾಮ್ ಕಣಕ್ಕ," ಅಂದಳು.

ನಿಂತ ಹೆಜ್ಜೆಯಲ್ಲೇ ಮನೆಗೆ ಹೋಗಿ ಬಿಸ್ಕತ್ ಡಬ್ಬಿ ತಂದಳು. ಮುಷ್ಕರ ಕಲಿಸಿದ ಇನ್ನೊಂದು ಪಾಠವೆಂದರೆ ಕಂಪನಿ ಕೊಟ್ಟ ಒಂದು ಚೀಟಿಯನ್ನೂ ಎಸೆಯಬಾರದು. ಡಬ್ಬಿಯಲ್ಲಿ 2021ರ ಸಂಬಳದ ಚೀಟಿ ಮಡಿಸಿದ ಹಾಗೇ ಇತ್ತು. ಕ್ಲೋಟೀ ಕಾಗದ ತುಂಬಿದಳು. ಲವೋರಿಸ್‌ನ ಕಾಗದದಲ್ಲಿ ಆಗಲೇ ಮಕ್ಕಳ ಹೆಸರು ಇರುವುದರಿಂದ ಕಂಪ್ಯೂಟರಿನಲ್ಲಿ ಕಳಿಸಿದರೆ ಅದು ಒದ್ದುಬಿಡುತ್ತದೆ, ಅಂಚೆಯಲ್ಲೇ ಹೋಗಬೇಕು. ಲಕೋಟೆಯ ಮೇಲೆ ಏಪ್ರಿಲ್ ಹದಿನೈದರ ಮುದ್ರೆ ಬಿದ್ದರೆ ಸಾಕು. ಮಕ್ಕಳು ಅಜ್ಜಿಯ ಮನೆಯಲ್ಲೇ ಇದ್ದರು ಅನ್ನುವುದಕ್ಕೆ ಸಾಕ್ಷಿಯನ್ನು ಆಮೇಲೆ ಕೇಳುತ್ತಾರೆ, ಆಗ ಕೊಟ್ಟರಾಯಿತು. ಎಲ್ಲ ಮುಗಿದು ಎರಡು ಖಾನೆ ಖಾಲಿ ಉಳಿದವು. ಡಿಕೇರಿಯಸ್‌ನ ಒಂಬತ್ತು ಅಂಕಿ, ಟಮಾಯಾಳ ಒಂಬತ್ತು ಅಂಕಿ. ಆ ಅಂಕಿ ಒಝೆಲಾಗೆ ಬಾಯಿಪಾಠವಿಲ್ಲ, ಕಾರ್ಡು ಲವೋರಿಸ್ ಹತ್ತಿರ.

ಅಲ್ಲಿಂದಲೇ ಫೋನು ಹಚ್ಚಿದಳು.

"ಏನು ದೊಡ್ಡವ್ವ, ಊಟ ಆಯ್ತಾ?"

"ಮಕ್ಕಳ ಕಾರ್ಡು ಬೇಕು ಕಣ್ಲಾ. ಈಗ್ಲೇ."

"ಎಲ್ಲೋ ಇಟ್ಟಿವ್ನಿ, ಸಿಗ್ತಿಲ್ಲ. ಆ ಕ್ಲೋಟೀ ಮುದುಕಿ ತಲೆ ಕೆಡಿಸಿದ್ಳಾ? ನೀನು ಕಾಗದ ಹಾಕುದ್ರೆ ಇಬ್ಬರನ್ನೂ ಎಳ್ಕೊಂಡು ಹೋಗಿ ಜೈಲಿಗೆ ಹಾಕ್ತಾರೆ ನೋಡು, ಮಕ್ಕಳು ಬೀದಿಗೆ ಬೀಳ್ತಾವೆ."

ಫೋನು ಇಟ್ಟ. ಜೈಲು ಅನ್ನುವ ಮಾತು ನಮ್ಮ ಜನರ ಬಾಯಿ ಮುಚ್ಚಿಸಲು ಹಳೆಯ ಬೀಗ. ಒಝೆಲಾ ಕಾಗದ ಮಡಿಸಿ ಬಿಸ್ಕತ್ ಡಬ್ಬಿಗೆ ತುರುಕಲು ಹೋದಳು. ಕ್ಲೋಟೀ ಒಂದೇ ಮಾತು ಕೇಳಿದಳು: "ಸುಳ್ಳು ಬರ್ದೋನು ಅವ್ನು. ನೀನ್ಯಾಕೆ ಹೆದರ್ತೀಯ?" ಆಮೇಲೆ ಇನ್ನೊಂದು ಕೇಳಿದಳು: "ನಾಳೆ ಅವ್ನ ಲಾರಿ ಎಲ್ಲಿಗೆ ಬತ್ತದೆ?"

"ಕಾರ್ಖಾನೆಗೆ. ಹನ್ನೊಂದಕ್ಕೆ ಅವ್ನ ಲೋಡು."

ಇಬ್ಬರೂ ಮುಖ ಮುಖ ನೋಡಿಕೊಂಡರು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಸಾಲಿನಲ್ಲಿ ನಿಲ್ಲುತ್ತಲೇ ಒಝೆಲಾ ಬಲಗಡೆಯ ಕ್ವೀನೆಟ್‌ಗೆ ಹೇಳಿದಳು. ಕ್ವೀನೆಟ್ ಎಂದರೆ ಇಪ್ಪತ್ತೆರಡು ವರ್ಷದಿಂದ ಅವಳ ಪಕ್ಕದಲ್ಲೇ ಚೂರಿ ಆಡಿಸುವ, ಪಿಸುಗುಟ್ಟಿದರೂ ಪಾರ್ಕಿಂಗ್ ಜಾಗದವರೆಗೆ ಕೇಳಿಸುವ ಹೆಂಗಸು. ಏಳು ಗಂಟೆಯೊಳಗೆ ಸಾಲಿನ ಇಪ್ಪತ್ತಾರು ಜನಕ್ಕೂ ಹದಿನೈದು ಸಾವಿರದ ಸುದ್ದಿ ಮುಟ್ಟಿತ್ತು. ಹ್ಯಾಮಿನ ಸುದ್ದಿ ಅದಕ್ಕಿಂತ ಮುಂಚೆ ಮುಟ್ಟಿತ್ತು.

"ಕಾರ್ಡು ಕೊಡಲ್ಲ ಅಂದ್ನಾ?" ಕ್ವೀನೆಟ್ ಚೂರಿ ಮಸೆದಳು. "ಲೋಡು ಇಳಿಸೋಕೆ ನಮ್ಮ ಹತ್ರಾನೇ ತಾನೆ ಬರ್ಬೇಕು?"

ಹನ್ನೊಂದಕ್ಕೆ ಲವೋರಿಸ್‌ನ ಲಾರಿ ಹಿಂಬಾಗಿಲಿಗೆ ಬಂದು ನಿಂತಿತು. ಟ್ಯಾಂಕಿನಲ್ಲಿ ಸಾವಿರಾರು ಮೀನು, ಆಮ್ಲಜನಕದ ಕೊಳವೆ ಬುಸುಗುಟ್ಟುತ್ತಿದೆ. ಅವನಿಗೆ ಸಂಬಳ ಲೋಡಿನ ಲೆಕ್ಕ. ಕಾದು ನಿಂತರೆ ಕಾಸಿಲ್ಲ. ಅದೇ ಗಳಿಗೆಯಲ್ಲಿ ಸಾಲಿನ ಇಪ್ಪತ್ತಾರು ಹೆಂಗಸರಿಗೂ ಗೋಡೆಗೆ ಅಂಟಿಸಿದ್ದ ನಿಯಮಗಳು ಜ್ಞಾಪಕಕ್ಕೆ ಬಂದವು. ಪ್ರತಿ ಇಪ್ಪತ್ತು ಮೀನಿಗೆ ಚೂರಿ ಮಸೆಯತಕ್ಕದ್ದು. ಮಸೆದರು. ಪ್ರತಿ ತುಂಡನ್ನು ಬೆಳಕಿಗೆ ಹಿಡಿದು ಮುಳ್ಳು ನೋಡತಕ್ಕದ್ದು. ನೋಡಿದರು. ಕೈಗವಸು ಹರಿದರೆ ಬದಲಿಸತಕ್ಕದ್ದು. ಒಂಬತ್ತು ಜನರ ಕೈಗವಸು ಒಟ್ಟಿಗೆ ಹರಿದವು. ಬೆಲ್ಟಿನ ಮೇಲೆ ಮೀನು ಗುಡ್ಡೆಯಾಗಿ ಹಿಂದಿನ ತೊಟ್ಟಿಗಳು ತುಂಬಿದವು, ಲಾರಿ ಇಳಿಸುವುದು ನಿಂತಿತು.

ಮೇಲ್ವಿಚಾರಕ ಡನವೇ ಓಡಿಬಂದ. "ಏನಾಗೈತೆ ಇವತ್ತು ನಿಮಗೆಲ್ಲಾ?"

"ಗುಣಮಟ್ಟ ಸಾರ್," ಅಂದಳು ಕ್ವೀನೆಟ್. "ನೀವೇ ಅಂಟ್ಸಿರೋದು."

ಹನ್ನೊಂದೂವರೆಗೆ ಊಟದ ಗಂಟೆ ಹೊಡೆಯಿತು. ಒಝೆಲಾ ಚೂರಿಯನ್ನು ಕಟ್ಟೆಯ ಮೇಲೆ ಬಿಟ್ಟು, ರಕ್ತದ ಏಪ್ರನ್ನಿನಲ್ಲೇ ಹಿಂಬಾಗಿಲಿಗೆ ನಡೆದಳು. ಹಿಂದೆ ಅರ್ಧ ಸಾಲು ಸ್ಯಾಂಡ್‌ವಿಚ್ ಕಚ್ಚಿಕೊಂಡು ಬಂತು.

ಲವೋರಿಸ್ ಲಾರಿಯಿಂದ ಧುಮುಕಿದ. "ದೊಡ್ಡವ್ವ, ಏನಿದು? ನನ್ ಮೀನು ಸಾಯ್ತಾವೆ!"

"ಕಾರ್ಡು ಎಲ್ಲವ್ಲಾ?"

"ಮನೇಲಿ ಎಲ್ಲೋ…"

"ಲಾರೀಲವೆ. ನಿನ್ ತಲೆ ಮೇಲೆ, ಬಿಸಿಲಿಗೆ ಅಡ್ಡ ಇಳಿಸ್ತೀಯಲ್ಲ ಆ ಹಲಗೆ ಸಂದೀಲಿ. ಟಮಾಯಾ ಬೆಳಿಗ್ಗೆ ಗಂಜಿ ತಿಂತಾ ಹೇಳುದ್ಲು, ನಿನ್ ಜೊತೆ ಐಸ್‌ಕ್ರೀಮಿಗೆ ಹೋದಾಗ ನೋಡವ್ಳೆ."

ಲವೋರಿಸ್ ಮುಖ ಒರೆಸಿಕೊಂಡ. "ಕಷ್ಟಕ್ಕೆ ಆಗಿದ್ದು ಯಾರು ದೊಡ್ಡವ್ವ? ಡಿಕೇರಿಯಸ್‌ಗೆ ಸೈಕಲ್ ಕೊಡ್ಸಿದ್ದು ಯಾರು?"

"ಡಿಕೇರಿಯಸ್ ಸೈಕಲನ್ನ ಡಿಕೇರಿಯಸ್ ದುಡ್ಡಲ್ಲೇ ಕೊಡ್ಸಿದೀಯ."

ಹಿಂದೆ ಯಾರೋ ಕಿಸಕ್ಕೆಂದರು. ಲವೋರಿಸ್ ದನಿ ತಗ್ಗಿಸಿದ. "ನಾನು ಅದನ್ನೆಲ್ಲ ವಾಪಸ್ ಕಟ್ಬೇಕಾಗ್ತದೆ. ಎಲ್ಲಿಂದ ತರ್ಲಿ?"

ತಂಗಿ ಶಿಕಾಗೋದಲ್ಲಿ ಕೆಲಸಕ್ಕಿದ್ದ ಎರಡು ವರ್ಷ ಈ ಹುಡುಗನ ಮೂಗು ಒರೆಸಿದವಳು ಅವಳೇ. ಅವನು ಹಾಳಾಗಲಿ ಅನ್ನುವ ಆಸೆ ಅವಳಿಗಿರಲಿಲ್ಲ. ಆದರೆ ಟಮಾಯಾಳ ಬೂಟಿನಲ್ಲಿ ರಟ್ಟು ತುರುಕಿ ಎರಡು ಚಳಿಗಾಲ ಕಳೆದದ್ದೂ ಅವಳೇ.

"ಕಟ್ಟು. ತಿಂಗಳು ತಿಂಗಳು ಕಂತಲ್ಲಿ ಕಟ್ಟು. ಕ್ಲೋಟೀ ಹತ್ರ ಹೋಗು, ಹೆಂಗೆ ಅಂತ ಅವ್ಳೇ ಬರ್ದುಕೊಡ್ತಾಳೆ, ನಿನ್ನ ಹತ್ರಾನೂ ಕಾಸು ಕೇಳಲ್ಲ. ಫೆಬ್ರವರಿಗೆ ಮನೆಗ್ ಬಾ. ಹ್ಯಾಮ್ ನಾನು ಕೊಡ್ತೀನಿ."

ಹಿಂಬಾಗಿಲು ನಗೆಯಿಂದ ಬಿರಿಯಿತು. ಲವೋರಿಸ್ ಟ್ಯಾಂಕಿನ ಕಡೆ ನೋಡಿದ, ಹೆಂಗಸರ ಕಡೆ ನೋಡಿದ, ಲಾರಿ ಹತ್ತಿ ಹಲಗೆ ಇಳಿಸಿ ಎರಡು ನೀಲಿ ಕಾರ್ಡು ತಂದು ಅವಳ ಒದ್ದೆ ಕೈಗವಸಿನಲ್ಲಿಟ್ಟ. ಒಝೆಲಾ ಕಾರ್ಡುಗಳನ್ನು ಎದೆಯೊಳಗೆ ಸಿಕ್ಕಿಸಿಕೊಂಡಳು.

ಗೆದ್ದೆವು ಅಂದುಕೊಂಡರು. ಊಟ ಮುಗಿಸಿ ಸಾಲಿಗೆ ಬಂದರೆ ಡನವೇ ಕೈಕಟ್ಟಿ ನಿಂತಿದ್ದ. "ಬೆಳಿಗ್ಗೆ ನಿಂತ ಲೋಡು, ಮೇಲೆ ಇನ್ನೂ ಒಂದು ಲೋಡು. ಮುಗಿಯೋವರೆಗೂ ಯಾರೂ ಮನೆಗೆ ಹೋಗಂಗಿಲ್ಲ. ಆರಾದ್ರೂ ಸರಿ, ಏಳಾದ್ರೂ ಸರಿ."

ತಾವು ಕಟ್ಟಿದ ಗಂಟು ತಮ್ಮ ಕಾಲಿಗೇ ಬಿತ್ತು. ದಿನಾ ಮೂರೂವರೆಗೆ ಬಿಡುವ ಕೆಲಸ. ಕಾಗದಕ್ಕೆ ಸಹಿ ಒಝೆಲಾಳದೇ ಬೇಕು, ಕ್ಲೋಟೀಯನ್ನು ಗೇಟಿನೊಳಗೆ ಬಿಡುವುದಿಲ್ಲ. ಹೇಳದೆ ಹೋದರೆ ಒಂದು ಪಾಯಿಂಟು. ಆರು ಪಾಯಿಂಟಿಗೆ ಗೇಟಿನಿಂದಾಚೆ. ಮಕ್ಕಳ ಕಾಯಿಲೆಗೆ ರಜೆ ಹಾಕಿ ಹಾಕಿ ಒಝೆಲಾಗೆ ಆಗಲೇ ಐದಾಗಿತ್ತು.

"ಬಿಡ್ರೇ," ಅಂದಳು ಒಝೆಲಾ. "ಹೋದ್ರೆ ಕೆಲಸ ಹೋಗ್ತದೆ, ಇದ್ರೆ ದುಡ್ಡು ಹೋಗ್ತದೆ."

"ಬಾಯ್ಮುಚ್ಕೊಂಡು ಚೂರಿ ತಗೊ," ಅಂದಳು ಕ್ವೀನೆಟ್. ಆಮೇಲೆ ಸಾಲಿನ ಉದ್ದಕ್ಕೂ ಕೇಳುವ ಹಾಗೆ: "ಮೂರು ಮುಕ್ಕಾಲಿಗೆ ಈ ಬೆಲ್ಟು ಖಾಲಿ ಕಾಣ್ಬೇಕು. ಒಬ್ಬಳೂ ಮೂಗು ಕೆರ್ಕೊಳ್ಳಂಗಿಲ್ಲ!"

ಆ ಮಧ್ಯಾಹ್ನ ಟಾಲಿವರಿನ ಸಾಲು ಓಡಿದ ಹಾಗೆ ಯಾವ ಕಾರ್ಖಾನೆಯ ಸಾಲೂ ಓಡಿರಲಾರದು. ನಿಮಿಷಕ್ಕೆ ಹನ್ನೆರಡು ಹೋಗಿ ಹದಿನಾರು, ಹದಿನೆಂಟು. ಚೂರಿಯ ಸದ್ದು ಆಲಿಕಲ್ಲು ಬಿದ್ದ ಹಾಗೆ. ಯಾರೋ ಚರ್ಚಿನ ಹಾಡು ಎತ್ತಿದರು, ಕೈಗಳು ಅದರ ಹಿಂದೆ ಓಡಿದವು. ಬೆಲ್ಟು ಸಾಲದೆ ಬೇಗ ಓಡಿಸಿ ಅಂತ ಹೆಂಗಸರೇ ಕೂಗಿದರು. ಡನವೇ ಗಡಿಯಾರ ನೋಡುತ್ತ ಬಾಯಿ ತೆರೆದುಕೊಂಡು ನಿಂತಿದ್ದ. ಮೂರು ಐವತ್ತಕ್ಕೆ ಕೊನೆಯ ಮೀನು ಕ್ವೀನೆಟ್‌ಳ ಚೂರಿಗೆ ಬಿತ್ತು.

"ಹೋಗೇ!" ಅಂದಳು. ಡನವೇ ಆಚೆ ಹೋದ ಮೇಲೆ ಉಳಿದವರಿಗೆ, "ಈ ಓಟ ಇವತ್ತಿಗೇ ಮುಗೀತು. ನಾಳೆ ಎಲ್ಲರಿಗೂ ಮಣಿಕಟ್ಟು ನೋವು, ತಿಳೀತಾ? ಇಲ್ದಿದ್ರೆ ಈ ನನ್ಮಗ ದಿನಾ ಹದಿನೆಂಟು ಕೇಳ್ತಾನೆ."

ಗೇಟಿನ ಹೊರಗೆ ಕ್ಲೋಟೀ ಹಳೆಯ ಕಾರನ್ನು ಚಾಲೂ ಇಟ್ಟುಕೊಂಡೇ ಕೂತಿದ್ದಳು. ಕಾರಿನ ಮೂತಿಯ ಮೇಲೆ ಕಾಗದ ಹರಡಿ, ಒಝೆಲಾ ತನ್ನ ಕೈಯಾರೆ ಹದಿನೆಂಟು ಅಂಕಿ ಬರೆದಳು. ಚಳಿಗೆ ಸೆಟೆದ ಬೆರಳು ಪೆನ್ನು ಹಿಡಿಯಲು ಒಪ್ಪದೆ ಮುಷ್ಟಿಯಲ್ಲಿ ಹಿಡಿದು ಬರೆದಳು. ಕ್ಲೋಟೀ ಒಂದೊಂದು ಅಂಕಿಯನ್ನೂ ಕಾರ್ಡಿಗೆ ತಾಳೆ ನೋಡಿದಳು, ಎರಡು ಸಲ. ಒಝೆಲಾ ಸಹಿ ಹಾಕಿದಳು. ಕಾಗದದ ಮೂಲೆಗೆ ಮೀನಿನ ರಕ್ತದ ಹೆಬ್ಬೆಟ್ಟೂ ಬಿತ್ತು.

ಅಂಚೆ ಕಚೇರಿಗೆ ಹೋದಾಗ ನಾಲ್ಕು ಇಪ್ಪತ್ತು, ಸಾಲಿನಲ್ಲಿ ಮುಂದೆ ಐದು ಜನ. ಎಪ್ಪತ್ತನಾಲ್ಕರ ಕ್ಲೋಟೀ ಗಂಟಲು ಹರಿದು ಕೂಗಿದಳು: "ಇವ್ಳಿಗೆ ಸರ್ಕಾರ ಹದಿನೈದು ಸಾವಿರ ಬಾಕಿ, ಇನ್ನು ಹತ್ತು ನಿಮಿಷ ಐತೆ. ದಾರಿ ಬಿಡ್ತೀರಾ?" ಒಬ್ಬ ಮುದುಕ ಹ್ಯಾಟು ತೆಗೆದು ಸರಿದ. ಮಿಕ್ಕವರು ಮೀನಿನ ನಾತಕ್ಕೋ ಮರ್ಯಾದೆಗೋ ತಾವೇ ಸರಿದರು.

ಕಿಟಕಿಯ ಹಿಂದಿದ್ದವನು ಲಕೋಟೆ ತೂಗಿ ರಶೀದಿ ಹರಿದು ಮುದ್ರೆ ಒತ್ತಿದ. ಒಝೆಲಾ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದಳು.

"ತಾರೀಕು ಮಸುಕಾಗೈತೆ. ಇನ್ನೊಂದ್ಸಲ ಒತ್ತಪ್ಪ."

ಅವನು ಒತ್ತಿದ. ದುಂಡನೆಯ ಮುದ್ರೆ, ಏಪ್ರಿಲ್ ಹದಿನೈದು, ಕಪ್ಪಗೆ, ಅಚ್ಚುಕಟ್ಟಾಗಿ. ಹೊರಗೆ ಬಂದು ಮೆಟ್ಟಿಲ ಮೇಲೆ ಇಬ್ಬರು ಮುದುಕಿಯರು ಒಬ್ಬರ ಭುಜ ಒಬ್ಬರು ಹಿಡಿದು ಕುಣಿದರು. ರಬ್ಬರ್ ಬೂಟು ಪಚಪಚ ಅಂದವು.

ಜುಲೈಯಲ್ಲಿ ಸರ್ಕಾರ ಸಾಕ್ಷಿ ಕೇಳಿತು. ಶಾಲೆ ಒಂದು ಕಾಗದ ಕೊಟ್ಟಿತು, ಲಸಿಕೆ ಹಾಕಿದ ದವಾಖಾನೆ ಒಂದು. ನವೆಂಬರಿನಲ್ಲಿ ದುಡ್ಡು ಬಂತು, ಮೇಲೆ ಬಡ್ಡಿಯೂ. ಒಝೆಲಾ ನೀರು ಕಾಯಿಸುವ ಯಂತ್ರ ತಂದಳು, ಕಾರಿಗೆ ನಾಲ್ಕು ಟೈರು, ತನ್ನ ಎರಡು ದವಡೆ ಹಲ್ಲು, ಟಮಾಯಾಗೆ ಬೂಟು, ಅದೂ ಎರಡು ಜೊತೆ. ಲವೋರಿಸ್ ಕಂತು ಕಟ್ಟುತ್ತಿದ್ದಾನೆ. ಫೆಬ್ರವರಿಯಲ್ಲಿ ಹ್ಯಾಮ್ ತಿಂದು ಹೋದ, ತಲೆ ಎತ್ತದೆ ತಿಂದ.

ಆದರೆ ಒಂದು ಲೆಕ್ಕ ಉಳಿದಿದೆ. ಮುದ್ರೆ ಬಿದ್ದ ಮಾರನೆಯ ದಿನ, ಬುಧವಾರ ಬೆಳಿಗ್ಗೆ, ಸಾಲಿನಲ್ಲಿ ಕ್ವೀನೆಟ್ ಮೊದಲ ಸಲ ಮೆಲ್ಲಗೆ ಮಾತಾಡಿದಳು. "ನನ್ ಮೊಮ್ಮಗೀನ ನಮ್ ಬೀಗಿತ್ತಿ ಬರ್ಕೊಳ್ತಾಳೆ ಕಣೆ. ಮಗು ನನ್ ಹತ್ರಾನೇ ಮಲಗೋದು." ಒಝೆಲಾ ಚೂರಿ ಕೆಳಗಿಟ್ಟಳು. 2021ರ ಕ್ವೀನೆಟ್‌ಳ ಪಾಲು ಎಂಟು ಸಾವಿರದ ಹದಿನೆಂಟು ಡಾಲರು. ಹಿಂದಿನ ದಿನ ನಾಲ್ಕೂವರೆಗೆ, ಒಝೆಲಾಳ ಲಕೋಟೆಗೆ ಮುದ್ರೆ ಬಿದ್ದ ಹತ್ತು ನಿಮಿಷದೊಳಗೆ, ಅದು ಸತ್ತಿತ್ತು. ಪಕ್ಕದವಳ ದುಡ್ಡಿಗಾಗಿ ಚೂರಿ ಓಡಿಸುತ್ತಿದ್ದವಳನ್ನು ಒಬ್ಬರೂ, ಒಝೆಲಾ ಕೂಡ, "ನಿಂದೇನಾಯ್ತು?" ಅಂತ ಕೇಳಿರಲಿಲ್ಲ.

ಆಮೇಲೆ ಒಝೆಲಾ ಕೇಳದೆ ಬಿಟ್ಟವರಿಲ್ಲ. ಸಾಲಿನ ಇಪ್ಪತ್ತಾರರಲ್ಲಿ ಹನ್ನೊಂದು ಜನ ಮಕ್ಕಳ ನಂಬರನ್ನು ಯಾರಿಗೋ ಕೊಟ್ಟಿದ್ದರು. ಹನ್ನೊಂದೂ ಜನರ ಕಾರ್ಡು ವಾಪಸಾದವು. 2022ರ ಬಾಕಿಯ ಬಾಗಿಲು ಮುಚ್ಚುವ ಮೊದಲೇ ಕ್ವೀನೆಟ್‌ಳ ಲಕೋಟೆಯೂ ಹೋಯಿತು. ಆದರೆ ಆ ಎಂಟು ಸಾವಿರದ ಹದಿನೆಂಟು ಹೋದದ್ದು ಹೋಯಿತು.

ಈಗ ನೀವು ಹೇಳಿ. ನಿಮ್ಮ ಪಕ್ಕದಲ್ಲಿ ನಿಂತು ದುಡಿಯುವವಳಿಗೆ, ನಿಮ್ಮ ಬೀದಿ ಗುಡಿಸುವವಳಿಗೆ, ನಿಮ್ಮ ಪಾತ್ರೆ ತೊಳೆಯುವವಳಿಗೆ ಸರ್ಕಾರದಿಂದ ಬರಬೇಕಾದದ್ದು ಬಂದಿದೆಯೇ? ಅವಳ ಕಾರ್ಡು ಯಾರ ಜೇಬಿನಲ್ಲಿದೆ? ಗೊತ್ತಿಲ್ಲ ಅಂದರೆ ನಾಳೆ ಬೆಳಿಗ್ಗೆ ಕೇಳಿ. ಬೇರೆಯವರ ಜೇಬಿನಲ್ಲಿದ್ದರೆ ಅವಳ ಜೊತೆ ಹೋಗಿ ಇಸಿದುಕೊಂಡು ಬನ್ನಿ, ಅರ್ಜಿಗೆ ಮುದ್ರೆ ಬೀಳುವವರೆಗೂ ಕಿಟಕಿ ಬಿಟ್ಟು ಕದಲಬೇಡಿ.